ಹಾಡು ತಗ್ಗಿದ ಜಾಗ

ಫೋನನ್ನು ಕಿವಿಗೆ ಒತ್ತಿ ಹಿಡಿದರೂ ವೀಡಿಯೋದಲ್ಲಿನ ಮಗಳ ಮಾತು ಗೋಡೆಯಾಚೆ ಯಾರೋ ಪಿಸುಗುಟ್ಟಿದ ಹಾಗೆ ಕೇಳುತ್ತಿತ್ತು. ಗುಣಪಾಲ ಬದಿಯ ಗುಂಡಿಯನ್ನು ಒತ್ತಿ ಒತ್ತಿ ಸದ್ದು ಏರಿಸಿದ. 'ನಮಸ್ಕಾರ, ನಾವೀಗ ಕಾಪುವಿನ ಕಡಲ ಬದಿಯಲ್ಲಿ ಇದ್ದೇವೆ, ಇವತ್ತು ಕೈರಂಪಣಿ ಬಲೆ' ಅನ್ನುವಷ್ಟರಲ್ಲಿ ಹಾಡು ಸಿಡಿದು ಕಿವಿಯೊಳಗೆ ಮೊಳೆ ಹೊಡೆದಂತಾಯಿತು. ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವನು ಗುಂಡಿ ಹುಡುಕುವ ಗಡಿಬಿಡಿಯಲ್ಲಿ ಫೋನನ್ನು ತೊಡೆಯ ಮೇಲೆ ಬೀಳಿಸಿಕೊಂಡ. ಅಲ್ಲಿಯೂ ಅದು ಢಂ ಢಂ ಎಂದು ಬಡಿದುಕೊಳ್ಳುತ್ತಲೇ ಇತ್ತು. ಕಂಡಕ್ಟರ್ ಟಿಕೆಟಿನ ಕಟ್ಟು ಹಿಡಿದುಕೊಂಡೇ ಹೇಳಿದ: "ಅಣ್ಣ, ಡ್ರೈವರನದ್ದೇ ಹಾಡು ಉಂಟು ಬಸ್ಸಲ್ಲಿ. ನೀವು ಬೇರೆ ತರುವುದು ಬೇಡ." ನಾಲ್ಕು ಜನ ನಕ್ಕರು. ಬೇರೆ ದಿನವಾಗಿದ್ದರೆ ಇವನ ಬೈಗುಳಕ್ಕೆ ಕಂಡಕ್ಟರನ ಏಳು ತಲೆಮಾರು ಉಡುಪಿ ಬರುವುದರೊಳಗೆ ಬಸ್ಸಿನಿಂದ ಇಳಿದು ಹೋಗುತ್ತಿತ್ತು. ಇಂದು ಗುಣಪಾಲ ಫೋನನ್ನು ಅಂಗಿಯ ಕಿಸೆಗೆ ತುರುಕಿ, ಕಟಪಾಡಿಯ ಅಂಗಡಿಗಳು ಹಿಂದೆ ಹೋಗುವುದನ್ನು ನೋಡುತ್ತ ಸುಮ್ಮನೆ ಕುಳಿತ.

ಆ ವೀಡಿಯೋವನ್ನು ಎಷ್ಟು ಸಲ ನೋಡಿದ್ದನೋ ಅವನಿಗೇ ಗೊತ್ತಿಲ್ಲ. ಪ್ರತಿ ಸಲವೂ ಇದೇ ಪಾಡು. ಮಾತು ಕೇಳಬೇಕೆಂದು ಏರಿಸಬೇಕು, ಹಾಡು ಬಂದಾಗ ಹೆದರಿ ಇಳಿಸಬೇಕು, ಇಳಿಸಿದ ಮೇಲೆ ಬೇಕಾದದ್ದು ಅಡಿಯಲ್ಲೆಲ್ಲೋ ಮುಳುಗಿ ಹೋಗುತ್ತಿತ್ತು. ಅವನಿಗೆ ಬೇಕಾಗಿದ್ದದ್ದು ಒಂದೇ ಮಾತು, ಅದೂ ಅವನದೇ ಬಾಯಿಯದ್ದು. ಬುಡ್ಲೆ, ಬಿಡಿ ಎಂಬ ತುಳು ಮಾತು. ಕೈರಂಪಣಿಯಲ್ಲಿ ದಡದ ಎರಡು ಕಡೆ ನಿಂತು ಬಲೆಯ ಹಗ್ಗ ಎಳೆಯುವವರಿಗೆ ಕೈ ಬಿಡಿ ಎಂದು ಹೇಳುವ ಹಕ್ಕು ನಡುವೆ ನಿಂತ ತಂಡದ ಮುಖ್ಯಸ್ಥ ತಂಡೇಲನದು ಮಾತ್ರ. ಹಗ್ಗ ಹಿಡಿದವನು ತಲೆ ತಗ್ಗಿಸಿ ಮರಳನ್ನೇ ನೋಡುತ್ತ ಹಿಂದೆ ಹಿಂದೆ ಹೆಜ್ಜೆ ಇಡುತ್ತಾನೆ. ಅವನಿಗೆ ಕಣ್ಣು ತಂಡೇಲನೇ, ಕಿವಿ ತಂಡೇಲನೇ. ಗುಣಪಾಲನ ಅಪ್ಪ ತಂಡೇಲನಾಗಿದ್ದಾಗ ಅವನ ಬುಡ್ಲೆ ಕೇಳಿ ರಸ್ತೆಯಲ್ಲಿ ಹೋಗುವವರು ಕೂಡ ಕೈಚೀಲ ಕೆಳಗೆ ಹಾಕುತ್ತಿದ್ದರೆಂದು ತಮಾಷೆ ಮಾಡುವುದುಂಟು. ಆ ಕೆಲಸವೂ ಆ ಗಂಟಲೂ ಈಗ ಇವನಿಗೆ ಬಂದಿತ್ತು. ಮಳೆಗಾಲ ಇಳಿಯುವ ಸೋಣ ತಿಂಗಳ ಆ ಬೆಳಿಗ್ಗೆ, ಎದೆಮಟ್ಟದ ನೀರಿನಲ್ಲಿ ಬಲೆಯ ಅಡಿ ಒತ್ತುತ್ತಿದ್ದ ಅಣ್ಣುವಿನ ಬಲಗೈಗೆ ಹಗ್ಗ ಸುತ್ತಿಕೊಂಡಾಗ, ಆ ಗಂಟಲಿನಿಂದ ಮಾತು ಹೊರಟಿತ್ತೋ ಇಲ್ಲವೋ. ಅಷ್ಟೇ ಪ್ರಶ್ನೆ. ಹೊರಟಿತ್ತೆಂದು ಗುಣಪಾಲ ಅಂದೇ ಎಲ್ಲರೆದುರು ಹೇಳಿದ್ದ. ಕೇಳಲಿಲ್ಲವೆಂದು ಎರಡೂ ಕಡೆಯವರು ಹೇಳಿದ್ದರು. ಸುಳ್ಳು ಹೇಳುತ್ತೀಯ ಎಂದು ಯಾರೂ ಹೇಳಲಿಲ್ಲ. ಹೇಳಿದ್ದರೆ ಹೊಡೆದಾಡಬಹುದಿತ್ತು.

ಉದ್ಯಾವರದ ಸೇತುವೆಯ ಮೇಲೆ ಬಸ್ಸು ನಿಧಾನವಾಯಿತು. ಕೆಳಗೆ ಹೊಳೆಯ ನೀರು ಬಿಸಿಲಿಗೆ ತಗಡಿನಂತೆ ಮಿನುಗಿದ್ದೇ ತಡ, ಅವನ ಕಣ್ಣಿನೊಳಗೆ ಆ ಬೆಳಿಗ್ಗೆಯ ಕಡಲು ಎದ್ದು ನಿಂತಿತು. ಇದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ. ಅಂಥ ಮೀನನ್ನು ಅವನು ಹುಟ್ಟಿದ ಮೇಲೆ ನೋಡಿರಲಿಲ್ಲ. ಬಲೆ ದಡದ ಹತ್ತಿರ ಬರುತ್ತಿದ್ದ ಹಾಗೆ ನೀರು ಮೊದಲು ಕಪ್ಪಾಯಿತು, ಆಮೇಲೆ ಕುದಿಯಿತು, ಆಮೇಲೆ ನೀರೇ ಇಲ್ಲವೆಂಬಂತೆ ಬೂತಾಯಿ ಮೀನು ಒಂದರ ಬೆನ್ನಿನ ಮೇಲೊಂದು ಎದ್ದು, ಇಡೀ ಕಡಲು ಬೆಳ್ಳಿಯ ಬಟ್ಟೆ ಕೊಡವಿದಂತೆ ಒಮ್ಮೆಲೇ ತಿರುಗಿತು. ಸೂರ್ಯ ಮೇಲಿದ್ದಾನೋ ಕೆಳಗಿದ್ದಾನೋ ತಿಳಿಯದಷ್ಟು ಬೆಳಕು. ಸೊಂಟದವರೆಗೆ ನೀರಿನಲ್ಲಿ ನಿಂತಿದ್ದ ಗುಣಪಾಲನಿಗೆ ಕಾಲ ಕೆಳಗಿನ ಮರಳು ಇದೆಯೆಂಬ ನೆನಪೂ ಹೋಯಿತು. ಬಾಯಿ ತೆರೆದುಕೊಂಡಿತ್ತು. ಅದು ಮಾತ್ರ ಅವನಿಗೆ ಖಂಡಿತ ಗೊತ್ತಿತ್ತು, ಏಕೆಂದರೆ ಉಪ್ಪುನೀರು ನಾಲಿಗೆಗೆ ಹಾರಿದ್ದು ಈಗಲೂ ನೆನಪಿದೆ. ಆದರೆ ಬಾಯಿ ತೆರೆದದ್ದು ಕೂಗುವುದಕ್ಕೋ, ಅಥವಾ ಸುಮ್ಮನೆ, ಮಕ್ಕಳ ಹಾಗೆ, ಆ ಬೆಳಕನ್ನು ನೋಡುವುದಕ್ಕೋ? ಹಗ್ಗ ಎಳೆಯುವವರ 'ಓ ಹೊಯ್, ಓ ಹೊಯ್' ಒಂದೇ ಸಮ ಸಾಗಿತ್ತು. ಆಮೇಲೆ ಯಾರೋ 'ಅಣ್ಣು, ಅಣ್ಣು' ಎಂದು ಓಡಿದರು. ಅಣ್ಣುವಿನ ತೋಳು ಹೆಗಲಿನಿಂದಲೇ ತಿರುಚಿ ಹೋಗಿತ್ತು. ಈಗ ಆ ಕೈ ಇದೆ, ಜೀವವಿಲ್ಲ. ನರ ಹೋಗಿದೆಯಂತೆ. ಹಿಂದೆಲ್ಲ ಆ ಕೈ, ಹರಿದ ಬಲೆಯನ್ನು ಹೊಲಿಯುವುದನ್ನು ನೋಡಲೆಂದೇ ಪಡುಬಿದ್ರಿಯಿಂದ ಜನ ಬಂದದ್ದುಂಟು.

ಅಣ್ಣು ಬೇರೆ ಯಾರೂ ಅಲ್ಲ, ಹೆಂಡತಿ ಸ್ವರ್ಣಲತಾಳ ಒಡಹುಟ್ಟಿದ ಅಣ್ಣ. ವೀಡಿಯೋ ಮಾಡಿದವಳು ಬೇರೆ ಯಾರೂ ಅಲ್ಲ, ಮಗಳು ಮೋಕ್ಷಾ. ರಜೆಯ ದಿನವೆಂದು ತೆಂಕು ಬದಿಯ ಬಂಡೆ ಹತ್ತಿ, ಕಿವಿಯಲ್ಲಿ ಹಾಡು ಸಿಕ್ಕಿಸಿಕೊಂಡು ಚಿತ್ರ ತೆಗೆದಳು. ಮೀನು ಎದ್ದದ್ದನ್ನು ಕಂಡು ಖುಷಿಯಿಂದ ಬಂಡೆಯ ಮೇಲೆಯೇ ಹಾಡು ಕೂಡಿಸಿ ಊರಿನವರಿಗೆಲ್ಲ ಕಳಿಸಿಯೂ ಬಿಟ್ಟಳು. ಅವಳು ಇಳಿದು ಬರುವಾಗ ಮಾವನನ್ನು ರಿಕ್ಷಾಕ್ಕೆ ಹಾಕುತ್ತಿದ್ದರು. ಆವತ್ತೇ ಎಲ್ಲ ಅಳಿಸಿದಳು. ಮನೆಯಲ್ಲಿ ಆ ಮಾತನ್ನು ಯಾರೂ ಎತ್ತುವುದಿಲ್ಲ. ಅದಕ್ಕೇ ಗುಣಪಾಲ ಇಸ್ತ್ರಿ ಮಾಡಿದ ಅಂಗಿ ಹಾಕಿ, ತಂಡದ ಯೋಗೀಶನ ಫೋನಿನಿಂದ ತರಿಸಿಕೊಂಡ ಪ್ರತಿಯೊಂದಿಗೆ, ಮಗಳು ಕೆಲಸ ಮಾಡುವ ಮಣಿಪಾಲದ ಸ್ಟುಡಿಯೋಗೆ ಹೊರಟದ್ದು. ಮದುವೆಯ ವೀಡಿಯೋ ಮಾಡುವ ದೊಡ್ಡ ಯಂತ್ರ ಅಲ್ಲಿದೆಯಂತೆ. ಅಕ್ಕಿಯಿಂದ ಕಲ್ಲು ಆರಿಸಿದ ಹಾಗೆ ಮಾತಿನಿಂದ ಹಾಡನ್ನು ಆರಿಸಿ ಎಸೆಯಲು ಆಗಬೇಕು, ಅಷ್ಟೂ ಆಗದಿದ್ದರೆ ಅದೆಂಥ ಯಂತ್ರ.

ಸ್ಟುಡಿಯೋದ ಗಾಜಿನ ಬಾಗಿಲು ತೆರೆಯಲಿಲ್ಲ. ಅವನು ಭುಜ ಕೊಟ್ಟು ದೂಡಿದ. ಒಳಗಿದ್ದ ಗಡ್ಡದ ಹುಡುಗ, ಅಂಗಡಿಯ ಯಜಮಾನ ಉಜ್ವಲ್, ಕೈಸನ್ನೆಯಿಂದ ಏನೋ ತೋರಿಸುತ್ತಿದ್ದ. ಕೊನೆಗೆ ಅವನೇ ಎದ್ದು ಬಂದು, "ಎಳೀಬೇಕು, ಎಳೀಬೇಕು ಅಣ್ಣ" ಎಂದು ಹೇಳಿ ಬಾಗಿಲು ತೆರೆದ. ಜೀವಮಾನವಿಡೀ ಎಳೆದವನು ಬಾಗಿಲೆದುರು ದೂಡುತ್ತ ನಿಂತಿದ್ದ. ಮುಖ ಬಿಸಿಯಾಯಿತು. "ಯಾರ ಮದುವೆ?" ಎಂದು ಉಜ್ವಲ್ ಕೇಳಿದ.

"ಯಾರದ್ದೂ ಅಲ್ಲ. ಮೋಕ್ಷಾನ ಅಪ್ಪ ನಾನು."

ಮೋಕ್ಷಾ ಕಿವಿಯ ಮೇಲಿನ ದೊಡ್ಡ ಬಟ್ಟಲುಗಳನ್ನು ಕುತ್ತಿಗೆಗೆ ಇಳಿಸಿ ಎದ್ದು ನಿಂತಳು. ಅಪ್ಪ ಇಲ್ಲಿಗೆ ಬಂದದ್ದು ಇದೇ ಮೊದಲು. ಕೆಟ್ಟ ಸುದ್ದಿಯೇ ಇರಬೇಕೆಂದು ಅವಳ ಮುಖ ಬಿಳಿಚಿತ್ತು. ಅವನು ಫೋನನ್ನು ಅವಳ ಮೇಜಿನ ಮೇಲಿಟ್ಟ. ಪರದೆಯ ಮೇಲಿನ ಚಿತ್ರ ನೋಡಿ ಅವಳು ಕುಳಿತುಕೊಂಡಳು.

"ಇದು ಎಲ್ಲಿ ಸಿಕ್ಕಿತು ಅಪ್ಪ? ನಾನು ಅಳಿಸಿದ್ದೆ ಅಲ್ವಾ."

"ನೀನು ಅಳಿಸಿದರೆ ಊರು ಅಳಿಸ್ತದಾ? ಈ ಹಾಡು ತೆಗಿ ಇದರಿಂದ. ಅಡಿಯಲ್ಲಿ ಎಂತ ಉಂಟು ಕೇಳಬೇಕು."

"ಆಗುವುದಿಲ್ಲ. ಕೈಯಿಂದ ಕೈಗೆ ಬಂದು ಬಂದು ಅದರಲ್ಲಿ ಎಂತ ಉಳಿಯಲಿಲ್ಲ. ಅಸಲು ಇದ್ದರೆ ಆಗ್ತಿತ್ತು. ಅಸಲು ನಾನೇ..." ಎಂದು ಅವಳು ನಿಲ್ಲಿಸಿದಳು. ಆದರೂ ಮಾಡಿ ನೋಡಿದಳು. ಏನೇನೋ ಒತ್ತಿದಳು, ಹಾಡು ಸೀಳಿದ ಬಿದಿರಿನಂತೆ ಕಿರುಚಿತು, ಅಡಿಯಿಂದ ಗುಳುಗುಳು ಸದ್ದು ಬಂತು, ಮನುಷ್ಯನ ಸದ್ದು ಬರಲಿಲ್ಲ. ಗುಣಪಾಲನಿಗೆ ಬೆಳಿಗ್ಗೆಯಿಂದ ಒತ್ತಿಟ್ಟ ಸಿಟ್ಟು ಒಮ್ಮೆಲೇ ನೆತ್ತಿಗೇರಿತು.

"ಮದುವೆಮನೆಯವರು ನಿಮಗೆ ಎಂತಕ್ಕೆ ದುಡ್ಡು ಕೊಡುವುದು ಹಾಗಾದರೆ? ಮಾತು ಕೇಳುವುದಿಲ್ಲ, ಹಾಡು ಕಿವಿ ಹರಿತದೆ. ಆ ಹಾಡಾದರೂ ನೆಟ್ಟಗೆ ಉಂಟಾ? ಕುಡಿದವನ ಹಾಗೆ ಒಮ್ಮೆ ಮೇಲೆ ಒಮ್ಮೆ ಕೆಳಗೆ. ಮೀನು ಏಳುವಾಗಲೂ ಬಿದ್ದು ಎದ್ದು ಬಿದ್ದು ಎದ್ದು. ಒಂದು ಹಾಡನ್ನು ಸಮ ಇಡ್ಲಿಕ್ಕೆ ಬರುವುದಿಲ್ಲ ನಿನಗೆ."

ಉಜ್ವಲ್ ತನಗೆ ಕೇಳಿಸದ ಹಾಗೆ ಹೊರಗೆ ಹೋದ. ಮೋಕ್ಷಾ ತಲೆ ಎತ್ತಲಿಲ್ಲ. "ಅದು ನಾನು ಮಾಡಿದ್ದಲ್ಲ ಅಪ್ಪ. ಫೋನೇ ಮಾಡುವುದು. ಯಾರಾದರೂ ಮಾತಾಡಿದರೆ ಅದೇ ಹಾಡನ್ನು ತಗ್ಗಿಸ್ತದೆ, ಮಾತು ಕೇಳಲಿ ಅಂತ. ಮಾತು ಮುಗಿದರೆ ಅದೇ ಏರಿಸ್ತದೆ."

"ಯಾರು ಮಾತಾಡಿದರೂ?"

"ಗುಂಪಿನ ಬೊಬ್ಬೆ ಆದರೆ ಗದ್ದಲ ಅಂತ ಬಿಡ್ತದೆ. ಒಬ್ಬನದ್ದೇ ಮಾತು ಬಂದರೆ ತಗ್ಗಿಸ್ತದೆ. ನಮಗೆ ಕೇಳದಷ್ಟು ಸಣ್ಣ ಇದ್ದರೂ ಅದಕ್ಕೆ ಗೊತ್ತಾಗ್ತದೆ."

"ಕಡಲಿನ ಸದ್ದು ಯಾವುದು, ಮನುಷ್ಯನದ್ದು ಯಾವುದು ಅಂತ ಗೊತ್ತಾಗ್ತದಾ ಅದಕ್ಕೆ?"

"ಗೊತ್ತಾಗ್ತದೆ" ಎಂದಳು. ಹೇಳಿದ ಮೇಲೆ ತಾನು ಏನು ಹೇಳಿದೆನೆಂದು ಅವಳಿಗೂ ತಟ್ಟಿತು. ಇಬ್ಬರೂ ದೊಡ್ಡ ಪರದೆಯನ್ನು ನೋಡಿದರು. ಹಾಡು ಅಲ್ಲಿ ಹಸಿರು ಗೆರೆಗಳ ಒಂದು ಉದ್ದ ದಿಣ್ಣೆಯಾಗಿ ಮಲಗಿತ್ತು. ಆರಂಭದಲ್ಲಿ ಒಂದು ಅಗಲವಾದ ತಗ್ಗು. ಅದು ಅವಳ ನಮಸ್ಕಾರ. ಆಮೇಲೆ ಉದ್ದಕ್ಕೂ ಏರು. ಆಮೇಲೆ, ಮೀನು ಎದ್ದು ಕಡಲು ಬೆಳ್ಳಗಾಗುವ ಜಾಗದಲ್ಲಿ, ಮರಳಿನಲ್ಲಿ ಯಾರೋ ಹೆಬ್ಬೆರಳು ಒತ್ತಿದಂತೆ ತಗ್ಗು. ಚಿತ್ರದಲ್ಲಿ ಗುಣಪಾಲನ ಬೆನ್ನು ಮಾತ್ರ ಕಾಣುತ್ತಿತ್ತು.

ಹಗ್ಗ ಹಿಡಿದ ಅಷ್ಟು ಗಂಡಸರಿಗೆ ಕೇಳದ್ದು, ಅವನ ಕಿವಿಗೇ ಕೇಳದ್ದು, ಅಂಗೈಯಷ್ಟು ಗಾಜಿಗೆ ಕೇಳಿತ್ತು. ಕೇಳಿದ್ದಷ್ಟೇ ಅಲ್ಲ. ದೊಡ್ಡವರು ಬಂದಾಗ ಮೊಣಕಾಲಿನ ಮೇಲೆ ಎತ್ತಿ ಕಟ್ಟಿದ ಪಂಚೆ ಇಳಿಸಿ ಬದಿಗೆ ನಿಲ್ಲುವ ಹಾಗೆ ತನ್ನ ಹಾಡನ್ನು ಇಳಿಸಿ ದಾರಿ ಬಿಟ್ಟಿತ್ತು. ಅಷ್ಟು ಮೀನು ಎದ್ದಿತ್ತು, ಅಷ್ಟು ಬೆಳಕಿತ್ತು, ಅದು ಯಾವುದೂ ಅದಕ್ಕೆ ಲೆಕ್ಕಕ್ಕೆ ಬಂದಿರಲಿಲ್ಲ. ಎಲ್ಲೋ ಒಬ್ಬ ಮನುಷ್ಯ ಬಾಯಿ ಬಿಟ್ಟ, ಅಷ್ಟು ಸಾಕಾಗಿತ್ತು. "ಹೇಳಿದ್ದೆ, ನಾನು ಹೇಳಿದ್ದೆ ಮಗಾ" ಎಂದು ಅವನು ಹೇಳಿದ. ಮೋಕ್ಷಾ ಏನೋ ಹೇಳಹೊರಟು ತುಟಿ ಕಚ್ಚಿದಳು. ಅವನು ನೋಡಲಿಲ್ಲ. ಹೊರಗೆ ಬರುವಾಗ ಮತ್ತೆ ಆ ಬಾಗಿಲು. ಈ ಸಲ ಎಳೆದ, ಆದರೆ ಒಳಗಿನಿಂದ ಅದನ್ನು ದೂಡಬೇಕಿತ್ತು.

ಹಿಂದಿರುಗುವ ಬಸ್ಸಿನಲ್ಲಿ ಅವನು ವೀಡಿಯೋ ಹಾಕಲಿಲ್ಲ. ಹಾಕದೆಯೂ ಕೇಳುತ್ತಿತ್ತು. ಹಾಡು ಬರುತ್ತದೆ, ಬರುತ್ತದೆ, ತಗ್ಗುತ್ತದೆ. ಇಷ್ಟು ದಿನ ಯಾವುದನ್ನು ಕೇಳಿ ಫೋನನ್ನು ಗೋಡೆಗೆ ಎಸೆಯಬೇಕೆನ್ನಿಸಿತ್ತೋ ಅದೇ ಏರಿಳಿತ ಅವನ ಪರ ಸಾಕ್ಷಿ ಹೇಳುತ್ತಿತ್ತು. ಕಾಪುವಿನಲ್ಲಿ ಇಳಿದವನು ತನ್ನ ಮನೆಗೆ ಹೋಗದೆ ನೇರ ಅಣ್ಣುವಿನ ಮನೆಗೆ ನಡೆದ. ಆ ಅಂಗಳಕ್ಕೆ ಕಾಲಿಡುವಾಗ ಈಚೆಗೆ ಅವನ ಚಪ್ಪಲಿ ತಾನಾಗಿಯೇ ನಿಧಾನವಾಗುತ್ತಿತ್ತು. ಅಣ್ಣುವಿನ ಹೆಂಡತಿ ಕಮಲ ಬೈದಿದ್ದರೆ ಆಗುತ್ತಿತ್ತು, ಅವಳು ಚಾ ತಂದು ಮುಂದಿಟ್ಟು ಮಾತಿಲ್ಲದೆ ಒಳಗೆ ಹೋಗುತ್ತಿದ್ದಳು, ಆ ಚಾ ಅವನು ಕುಡಿಯುವುದರೊಳಗೆ ಕೆನೆಗಟ್ಟುತ್ತಿತ್ತು. ಇಂದು ಅವನು ದಡದಡ ಮೆಟ್ಟಿಲು ಹತ್ತಿದ. ಕಮಲ ಜಗಲಿಯಲ್ಲಿ ಒಣಮೀನು ವಿಂಗಡಿಸುತ್ತಿದ್ದಳು. ಅಣ್ಣು ಗೋಡೆಗೆ ಒರಗಿ, ಹರಿದ ಬಲೆಯೊಂದನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ, ಎಡಗೈಯಲ್ಲಿ ಬಲೆ ಹೊಲಿಯುವ ಮುಳ್ಳು ಹಿಡಿದು ಪರದಾಡುತ್ತಿದ್ದ. ಬಲಗೈ ಬಟ್ಟೆಯ ಜೋಲಿಯಲ್ಲಿ ಬೇರೆ ಯಾರದೋ ಮಗುವಿನ ಹಾಗೆ ಮಲಗಿತ್ತು.

"ಎಂತ ಭಾವ, ಇಸ್ತ್ರಿ ಅಂಗಿ? ಹೆಣ್ಣು ನೋಡ್ಲಿಕ್ಕೆ ಹೊರಟದ್ದಾ?" ಎಂದು ಅಣ್ಣು ಕೇಳಿದ.

"ಕೇಳು ಇದನ್ನು. ಬಾಯಿ ಮುಚ್ಚಿ ಕೇಳು. ಅತ್ತಿಗೆ, ನೀವೂ ಬನ್ನಿ."

ಮಗಳ ನಮಸ್ಕಾರ ಕೇಳಲೆಂದು ಏರಿಸಿದ ಸದ್ದು ಇಳಿಸಲು ಈ ಸಲವೂ ಮರೆತ. ಹಾಡು ಸಿಡಿಯಿತು. ಕಮಲಳ ಕೈಯ ಮೊರ ಅಲುಗಿ ಒಣಮೀನು ಅಂಗಳಕ್ಕೆ ಬಿತ್ತು. "ನಮ್ಮ ಮನೆಯಲ್ಲಿ ಇದನ್ನು ಹಾಕ್ಲಿಕ್ಕೆ ನಿಮಗೆ ಹೇಗೆ ಮನಸ್ಸು ಬಂತು?" ಎಂದಳು. ಇಷ್ಟು ದಿನಗಳಲ್ಲಿ ಅವಳು ಅವನಿಗೆ ಆಡಿದ ಮೊದಲ ಮಾತು ಅದು. ಗುಣಪಾಲ ಕೈಯೆತ್ತಿ, ತಾಳಿ, ತಾಳಿ ಎಂದ. ತಗ್ಗು ಬಂತು. ಹೋಯಿತು. ಅವನು ಮಗಳು ಹೇಳಿದ್ದನ್ನು ಗಡಿಬಿಡಿಯಲ್ಲಿ ಹಿಂದೆ ಮುಂದೆ ಮಾಡಿ ಹೇಳಿದ: ಮಾತಿದ್ದರೆ ಮಾತ್ರ ತಗ್ಗುತ್ತದೆ, ಒಬ್ಬನದ್ದಾದರೆ ಮಾತ್ರ, ಕಡಲಿಗೆ ತಗ್ಗುವುದಿಲ್ಲ, ಗುಂಪಿಗೆ ತಗ್ಗುವುದಿಲ್ಲ. "ನಾನು ಕೂಗಿದ್ದೆ ಅಣ್ಣು. ನೋಡು, ಅದಕ್ಕೆ ಕೇಳಿದೆ."

ಅಣ್ಣು ಮುಳ್ಳನ್ನು ಕೆಳಗಿಟ್ಟ. "ಇನ್ನೊಮ್ಮೆ ಹಾಕು."

ಹಾಕಿದ. ಅಣ್ಣು ಕಣ್ಣು ಮುಚ್ಚಿ ಕೇಳಿದ. ಹಾಡು ತಗ್ಗುವಲ್ಲಿ ಅವನ ತುಟಿ ಸಣ್ಣಗೆ ಅಲುಗಿತು.

"ಎರಡು ಸಲ ತಗ್ಗುತ್ತದೆ, ಅಲ್ವಾ?"

ಗುಣಪಾಲನಿಗೆ ಅದು ಗೊತ್ತಿತ್ತು. ಬಿದ್ದು ಎದ್ದು ಬಿದ್ದು ಎದ್ದು ಎಂದು ಮಗಳಿಗೆ ಬೈದವನು ಅವನೇ. ಪರದೆಯ ಮೇಲೆ ಹೆಬ್ಬೆರಳಿನ ಗುರುತು ಕಂಡಿದ್ದು ಕೂಡ ಜೋಡಿಯಾಗಿಯೇ. ಸಣ್ಣ ಎರಡು ಗುಳಿ, ನಡುವೆ ಕೂದಲೆಳೆಯಷ್ಟು ದಿಣ್ಣೆ. ಮೋಕ್ಷಾ ತುಟಿ ಕಚ್ಚಿದ್ದು ಯಾಕೆಂದು ಈಗ ಹೊಳೆಯಿತು. ಬುಡ್ಲೆಯನ್ನು ಯಾರೂ ತುಂಡು ತುಂಡಾಗಿ ಕೂಗುವುದಿಲ್ಲ. ಅದು ಒಂದೇ ಉಸಿರಿನದು, ಉಸಿರು ಮುಗಿಯುವವರೆಗೆ ಎಳೆಯುವಂಥದು.

"ಅದು ನಾನು ಭಾವ" ಎಂದ ಅಣ್ಣು. ಸ್ವರದಲ್ಲಿ ಸಿಟ್ಟು ಇರಲಿಲ್ಲ, ಮಳೆ ಬಂತು ಎನ್ನುವ ಹಾಗೆ ಹೇಳಿದ. "ಗುಣಪಾಲ, ಗುಣಪಾಲ ಅಂತ ಕರೆದೆ. ಎರಡು ಸಲ. ಆಮೇಲೆ ನೀರು ಬಾಯಿಗೆ ಬಂತು. ಬಂಡೆ ನನ್ನ ಬದಿಗೇ ಇತ್ತಲ್ಲ, ಅದಕ್ಕೆ ಹುಡುಗಿಯ ಫೋನಿಗೆ ಕೇಳಿದ್ದು."

"ನಾನು ಕೂಗ್ಲಿಲ್ಲವಾ?"

"ನಿನ್ನ ಮುಖವನ್ನೇ ನೋಡ್ತಿದ್ದೆ ಮಾರಾಯ. ಬಾಯಿ ಇಷ್ಟು ತೆರೆದಿತ್ತು. ನೀನು ನನ್ನನ್ನು ನೋಡ್ಲೇ ಇಲ್ಲ, ಮೀನು ನೋಡ್ತಿದ್ದೆ. ಚಿಕ್ಕ ಮಗು ಬಾಣಬಿರುಸು ನೋಡಿದ ಹಾಗೆ." ಜೋಲಿಯ ಕೈಯನ್ನು ಸರಿಸಿಕೊಂಡು ಮತ್ತೆ ಹೇಳಿದ: "ಅದಕ್ಕೂ ಮೊದಲು ನಾನೂ ಮೀನನ್ನೇ ನೋಡಿದೆ. ಕೈ ಕೆಳಗಿದ್ದದ್ದು ಮರೆತೇ ಹೋಯಿತು. ಅದಕ್ಕೇ ಹಗ್ಗ ಸುತ್ತಿದ್ದು. ಅಂಥ ಮೀನು ಇನ್ನು ನಾವು ಕಾಣುವುದಿಲ್ಲ."

ಗುಣಪಾಲನಿಗೆ ಎದ್ದು ಹೋಗಬೇಕೆನ್ನಿಸಿತು. ಅಣ್ಣು ಕರೆದಾಗ ಅವನು ಎಷ್ಟು ದೂರದಲ್ಲಿದ್ದ? ಒಂದು ದೋಣಿಯ ಉದ್ದ ಕೂಡ ಇರಲಿಲ್ಲ. ಶಾಲೆಗೆ ಹೋಗುವಾಗಿನಿಂದ ಬೇಲಿಯಾಚೆಯಿಂದ ಕೇಳಿದ ಸ್ವರ ಅದು. ಎಲ್ಲಿ ಕೇಳಿದರೂ ಓಗೊಡುವ ಸ್ವರ. ಆ ಸ್ವರ ಹೆಸರು ಹಿಡಿದು ಕರೆಯುವಾಗ ಅವನೊಳಗೆ ಯಾವ ಹಾಡು ಅಷ್ಟು ಜೋರಾಗಿ ಬಾರಿಸುತ್ತಿತ್ತು? ಗಾಜಿನ ತುಂಡು ತಗ್ಗಿಸಿತ್ತು. ಅವನು ತಗ್ಗಿಸಿರಲಿಲ್ಲ.

ಕಮಲ ಅಂಗಳದ ಮೀನನ್ನು ಹಾಗೇ ಬಿಟ್ಟು ಹತ್ತಿರ ಬಂದು ಕುಳಿತಳು. ಸೆರಗಿಗೆ ಕೈ ಒರಸಿಕೊಂಡು ಫೋನನ್ನು ಅವನ ಕೈಯಿಂದ ತೆಗೆದುಕೊಂಡಳು. "ಯಾವ ಜಾಗ?" ಎಂದು ಕೇಳಿದಳು. ಅವನು ತೋರಿಸಿದ. ಅವಳು ಸದ್ದನ್ನು ಪೂರ್ತಿ ಏರಿಸಿ ಕಿವಿಗೆ ಹಿಡಿದಳು. ಹಾಡು ಅಷ್ಟು ಜೋರಾಗಿ ಬಡಿದರೂ ಕಣ್ಣು ಮಿಟುಕಿಸಲಿಲ್ಲ, ಆ ಜಾಗ ಬರುವುದನ್ನೇ ಕಾದಳು. "ಇಲ್ಲಿಯಾ?" ಎಂದಳು. "ಹೂಂ" ಎಂದ ಅಣ್ಣು. ಅಲ್ಲಿ ಏನೂ ಕೇಳುವುದಿಲ್ಲ, ಬರೀ ಹಾಡು ಬಾಗುತ್ತದೆ, ಏಳುತ್ತದೆ, ಬಾಗುತ್ತದೆ. ಅವಳು ಮತ್ತೆ ಹಾಕಿದಳು. ಮತ್ತೆ ಹಾಕಿದಳು. ಗಂಡ ಕರೆದದ್ದು ಯಾರಿಗೂ ಬೇಡವಾಗಿ ನೀರಿಗೆ ಬಿತ್ತೆಂದು ಇಷ್ಟು ದಿನ ಅವಳು ಅಂದುಕೊಂಡಿದ್ದಳೇನೋ. ಮೂವರೂ ತಲೆಗೆ ತಲೆ ತಾಗುವಂತೆ ಬಾಗಿ, ಏನೂ ಇಲ್ಲದ ಆ ಜಾಗಕ್ಕೆ ಕಿವಿಯಿಟ್ಟು ಕುಳಿತರು. ಅಂಗಳಕ್ಕೆ ಕಾಗೆ ಇಳಿದು ಒಣಮೀನು ಕಚ್ಚಿಕೊಂಡು ಹೋಯಿತು, ಯಾರೂ ಅಟ್ಟಲಿಲ್ಲ. ಆಮೇಲೆ ಕಮಲ ಫೋನು ಹಿಂದೆ ಕೊಟ್ಟು ಒಳಗೆ ಹೋದಳು. ಚಾ ತಂದಳು. ಲೋಟ ಇಟ್ಟವಳು ಈ ಸಲ ಒಳಗೆ ಹೋಗದೆ ಬಾಗಿಲ ದಾರಂದಕ್ಕೆ ಒರಗಿ ನಿಂತಳು. "ಕುಡೀರಿ. ತಣೀತದೆ" ಎಂದಳು.

ಮರುದಿನ ಬೆಳಿಗ್ಗೆ ದೋಣಿ ಬಲೆ ಬಿಟ್ಟು ಬಂದ ಮೇಲೆ, ಹಗ್ಗ ಹಿಡಿಯುವ ಮೊದಲು, ಗುಣಪಾಲ ಎರಡೂ ಕಡೆಯವರನ್ನು ಕರೆದು ಹೇಳಿದ: "ಆವತ್ತು ನಾನು ಕೂಗ್ಲಿಲ್ಲ. ಕೂಗಿದೆ ಅಂತ ಹೇಳಿದ್ದು ಸುಳ್ಳು. ಬೇರೆಯವನನ್ನು ತಂಡೇಲ ಮಾಡುವುದಾದರೆ ಈಗಲೇ ಹೇಳಿ." ಒಬ್ಬ ಮರಳಿಗೆ ಉಗುಳಿದ. ಒಬ್ಬ ಹಗ್ಗಕ್ಕೆ ಬಾಗಿದ, ಉಳಿದವರು ಬಾಗಿದರು. ಅಣ್ಣುವಿನ ಜಾಗದಲ್ಲಿ ಯೋಗೀಶ ನೀರಿಗೆ ಇಳಿದ. ಓ ಹೊಯ್ ಸುರುವಾಯಿತು. ಬಲೆ ಹತ್ತಿರ ಬಂದು, ಕೂಗು ಏರಿ, ಕಾಲುಗಳು ಮರಳಿನಲ್ಲಿ ಕಂತುತ್ತಿದ್ದಾಗ ಗುಣಪಾಲ ಕೈ ಎತ್ತಿ, ಅಪ್ಪನ ಗಂಟಲಿನಲ್ಲಿ, ಇದ್ದ ಉಸಿರೆಲ್ಲ ಹಾಕಿ ಕೂಗಿದ: "ಬುಡ್ಲೆ."

ಎರಡೂ ಹಗ್ಗ ಸಡಿಲವಾದವು. ಓ ಹೊಯ್ ನಿಂತಿತು. ತಲೆಗಳೆಲ್ಲ ಎದ್ದವು. "ಎಂತ ಆಯ್ತು ಗುಣಪಾಲಣ್ಣ?" ಎಂದು ಯಾರೋ ಕೇಳಿದರು.

"ಎಂತ ಇಲ್ಲ. ಸ್ವಲ್ಪ ಸುಮ್ಮನಿರಿ."

ಸುಮ್ಮನಾದರು. ಬಲೆಯೊಳಗೆ ಮೀನು ಹೊಳೆಯುತ್ತಿತ್ತು. ಅವನು ಅತ್ತ ನೋಡಲಿಲ್ಲ. ಹುಟ್ಟಿದಂದಿನಿಂದ ಕಿವಿಯಲ್ಲೇ ಇದ್ದ ಕಡಲು ಈಗಷ್ಟೇ ಬಂದು ನಿಂತ ಹಾಗೆ, ಒಂದೊಂದೇ ಅಲೆಯಾಗಿ, ಅಲೆಯ ಅಂಚಿನಲ್ಲಿ ಮರಳು ಜಾರುವ ಸರಸರ ಕೂಡ ಬೇರೆಯಾಗಿ ಕೇಳತೊಡಗಿತು. ಇಷ್ಟು ಇತ್ತೇ ಇದರೊಳಗೆ ಎಂದು ಅವನು ಬೆರಗಾಗಿ ನಿಂತ. ಆ ಎಲ್ಲದರ ನಡುವಿನಿಂದ, ಕುತ್ತಿಗೆಮಟ್ಟದ ನೀರಿನಲ್ಲಿದ್ದ ಯೋಗೀಶನ ಸ್ವರ, ಕೂಗದೆಯೇ, ಪಕ್ಕದಲ್ಲಿ ಕುಳಿತು ಹೇಳಿದ ಹಾಗೆ ಬಂತು.

"ನಾನು ಇಲ್ಲೇ ಇದ್ದೇನೆ ಮಾರಾಯ್ರೆ. ಚಳಿ ಆಗ್ತದೆ. ಎಳೀರಿ."